ಗುಳಿಗಿ ಕೊಡುವವರೂ ಗುರುಗಳೇ

ದೇವದುರ್ಗದ ಹತ್ತಿರ ಒಂದು ಊರು. ರಾತ್ರಿ ಎಂಟು ಗಂಟೆ. ಹೊಲದ ಕೆಲಸ ಮುಗಿಸಿ, ರೊಟ್ಟಿ ಬಡಿದಿಟ್ಟು ಹೆಣ್ಣುಮಕ್ಕಳು ಕಲಿಕಾ ಕೇಂದ್ರಕ್ಕೆ ಬಂದಿದ್ದರು. ಅಂದು ನಾವು ನೂರರ ಮೇಲಿನ ಅಂಕಿ ಓದಿಸುತ್ತಿದ್ದೆವು. ಆಗ ಒಬ್ಬ ಅಕ್ಕ ಸೆರಗಿನ ಗಂಟು ಬಿಚ್ಚಿದರು. ಮಡಚಿದ ಒಂದು ಚೀಟಿ ತೆಗೆದರು.

“ಅಕ್ಕೋರೇ, ಇದು ನಮ್ಮತ್ತಿ ಔಷಧಿ ಚೀಟಿ. ಇದರಾಗ ನೂರಾ ಒಂದು ಅಂತ ಬರದೈತಿ. ನೂರಾ ಒಂದು ಗುಳಿಗಿ ನುಂಗಬೇಕೇನ್ರಿ?”

ಎಲ್ಲರೂ ನಕ್ಕರು. ಆ ಅಕ್ಕನೂ ನಕ್ಕರು. ನಾವು ಚೀಟಿ ನೋಡಿದೆವು. ಅದರಲ್ಲಿ 1-0-1 ಎಂದು ಇತ್ತು. ಅಂಕಿಗಳ ನಡುವೆ ಸಣ್ಣ ಗೆರೆಗಳಿದ್ದವು. ಅದು ನೂರಾ ಒಂದು ಅಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಅದರ ಅರ್ಥ.

ಆ ಅಕ್ಕನ ನಗು ನಿಂತಿತು. “ನಾನು ಮೂರು ಹೊತ್ತೂ ಕೊಡ್ತಿದ್ದೆನಲ್ರಿ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: “ಇದನ್ನ ನಮಗ ಬಿಡಿಸಿ ಹೇಳೋದು ಯಾರ ಕೆಲಸರಿ?”

ಒಳ್ಳೆಯ ಪ್ರಶ್ನೆ. ಡಾಕ್ಟರು ಹೇಳಬೇಕು, ನಿಜ. ಆದರೆ ಅದೇ ಕೆಲಸಕ್ಕಾಗಿ ಓದಿದವರು ಇನ್ನೊಬ್ಬರು ಇದ್ದಾರೆ. ಅವರೇ ಫಾರ್ಮಸಿಸ್ಟ್. ಬನ್ನಿ, ಅವರ ಬಗ್ಗೆ ತಿಳಿಯೋಣ.

ಅಂದು ಕಂಪೌಂಡರ್, ಇಂದು ಫಾರ್ಮಸಿಸ್ಟ್

ದವಾಖಾನೆಯಲ್ಲಿ ಕಿಟಕಿಯ ಹಿಂದೆ ಔಷಧಿ ಕೊಡುವವರನ್ನು ನಮ್ಮ ಹಿರಿಯರು ಈಗಲೂ ‘ಕಂಪೌಂಡರ್’ ಎನ್ನುತ್ತಾರೆ. ಹಿಂದೆ ಕಂಪೌಂಡರ್ ಔಷಧಿಯನ್ನು ಅರೆದು, ಬೆರೆಸಿ, ಸೀಸೆಗೆ ತುಂಬಿ ಕೊಡುತ್ತಿದ್ದರು. ಸೀಸೆಯ ಮೈಗೆ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಆ ಪಟ್ಟಿಯಲ್ಲಿ ಕತ್ತರಿಸಿದ ಗುರುತುಗಳು. ಒಂದು ಗುರುತು ಇಳಿದರೆ ಒಂದು ಹೊತ್ತಿನ ಔಷಧಿ ಮುಗಿಯಿತು. ಓದು ಬಾರದವರಿಗೂ ಅದು ತಿಳಿಯುತ್ತಿತ್ತು. ನೋಡಿ, ಔಷಧಿ ಕೊಡುವವರು ಅಂದೇ ಒಂದು ಪಾಠ ಹೇಳುತ್ತಿದ್ದರು!

ಔಷಧಿಯ ಓದು ನಮ್ಮ ದೇಶದ ಕಾಲೇಜಿಗೆ ಬಂದಿದ್ದು ತಡವಾಗಿ. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಎಂಬ ಗುರುಗಳು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ಪಾಠ ಶುರು ಮಾಡಿದರು. ಸ್ವಾತಂತ್ರ್ಯ ಬಂದ ಮರುವರ್ಷ, ಅಂದರೆ 1948ರಲ್ಲಿ, ಫಾರ್ಮಸಿ ಕಾಯಿದೆ ಬಂತು. ಡಾಕ್ಟರ ಚೀಟಿ ನೋಡಿ ಔಷಧಿ ಕೊಡುವವರು ಓದಿರಬೇಕು, ಸರ್ಕಾರದ ಪಟ್ಟಿಯಲ್ಲಿ ಅವರ ಹೆಸರು ಇರಬೇಕು ಎಂದು ಕಾನೂನಾಯಿತು.

2015ರಲ್ಲಿ ಇನ್ನೊಂದು ನಿಯಮ ಬಂತು. ಔಷಧಿಯನ್ನು ಹೇಗೆ ತಗೋಬೇಕು, ಏನು ಎಚ್ಚರ ಇರಬೇಕು ಎಂದು ಫಾರ್ಮಸಿಸ್ಟ್ ರೋಗಿಗೆ ತಿಳಿಸಿ ಹೇಳಬೇಕು ಎಂದು ಅದು ಹೇಳುತ್ತದೆ. ಆ ಅಕ್ಕನ ಪ್ರಶ್ನೆಗೆ ಉತ್ತರ ಇಲ್ಲಿದೆ. ಗುಳಿಗಿ ಎಣಿಸಿ ಕೊಡುವುದು ಅರ್ಧ ಕೆಲಸ. ತಿಳಿಸಿ ಹೇಳುವುದು ಉಳಿದ ಅರ್ಧ.

ಕೇಳಿದರೆ ಬೈತಾರೆ ಎಂದು ನಾವು ಅಂಜುತ್ತೇವೆ. ಅಂಜಬೇಡಿ. ಕೇಳುವುದು ನಮ್ಮ ಹಕ್ಕು.

ನಮ್ಮ ಮಗಳು ಓದಬಹುದೇ?

ಓದಬಹುದು. ದಾರಿ ಹೀಗಿದೆ.

ಹತ್ತನೇ ತರಗತಿ ಆದ ಮೇಲೆ ಪಿ.ಯು.ಸಿ.ಯಲ್ಲಿ ವಿಜ್ಞಾನ ತಗೋಬೇಕು. ಆಮೇಲೆ ಎರಡು ವರ್ಷದ ಡಿ.ಫಾರ್ಮ್. ಓದು. ಅದರ ಜೊತೆಗೆ ಮೂರು ತಿಂಗಳಿಗೆ ಕಡಿಮೆಯಿಲ್ಲದಂತೆ, 500 ಗಂಟೆ, ದವಾಖಾನೆಯಲ್ಲೋ ಔಷಧಿ ಅಂಗಡಿಯಲ್ಲೋ ಕೆಲಸ ಕಲಿಯಬೇಕು. ಹೆಚ್ಚು ಓದುವ ಆಸೆ ಇದ್ದರೆ ನಾಲ್ಕು ವರ್ಷದ ಬಿ.ಫಾರ್ಮ್. ಇದೆ. ಡಿ.ಫಾರ್ಮ್. ಮುಗಿಸಿದವರು ಬಿ.ಫಾರ್ಮ್.ನ ಎರಡನೇ ವರ್ಷಕ್ಕೇ ಸೇರಬಹುದು. ಮುಂದೆ ಎರಡು ವರ್ಷ ಎಂ.ಫಾರ್ಮ್. ಓದಿದರೆ ಕಾಲೇಜಿನಲ್ಲಿ ಪಾಠ ಹೇಳುವ ಅರ್ಹತೆ ಬರುತ್ತದೆ. ಹೀಗೆ ಅಂಗಡಿಯಲ್ಲಿ ಗುಳಿಗಿ ಕೊಟ್ಟವರು ಮುಂದೆ ಕಾಲೇಜಿನ ಗುರುಗಳೂ ಆಗಬಹುದು.

2008ರಿಂದ ಫಾರ್ಮ್.ಡಿ. ಎಂಬ ಆರು ವರ್ಷದ ಓದೂ ಬಂದಿದೆ. ಇದನ್ನು ಓದುವವರು ದವಾಖಾನೆಯಲ್ಲಿ ರೋಗಿಯ ಮಂಚದ ಹತ್ತಿರ ನಿಂತು ಕಲಿಯುತ್ತಾರೆ. ಈ ರೋಗಿಗೆ ಎಷ್ಟು ಔಷಧಿ ಇವೆ? ಒಂದು ಔಷಧಿಗೆ ಇನ್ನೊಂದು ಹೊಂದುತ್ತದೆಯೇ? ಮನೆಗೆ ಹೋದ ಮೇಲೆ ಇವರಿಗೆ ಯಾರು ಕೊಡುತ್ತಾರೆ? ಇಂಥ ಪ್ರಶ್ನೆ ಕೇಳುವುದನ್ನು ಕಲಿಯುತ್ತಾರೆ.

ಇದಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ನಮ್ಮ ರಾಯಚೂರಿನಲ್ಲಿಯೇ ವಿ.ಎಲ್. ಫಾರ್ಮಸಿ ಕಾಲೇಜು ಇದೆ. ತಾರಾನಾಥ ಶಿಕ್ಷಣ ಸಂಸ್ಥೆಯೂ ಇಲ್ಲಿದೆ. 2007ರಿಂದ ರಿಮ್ಸ್ ವೈದ್ಯಕೀಯ ಕಾಲೇಜೂ ರಾಯಚೂರಿನಲ್ಲಿದೆ.

ತಾರಾನಾಥ ಎಂಬ ಹೆಸರು ಯಾರದು? ಸುಮಾರು ನೂರು ವರ್ಷದ ಹಿಂದೆ ಪಂಡಿತ ತಾರಾನಾಥರು ರಾಯಚೂರಿಗೆ ಬಂದರು. ಆಗ ರಾಯಚೂರು ನಿಜಾಮರ ಆಳ್ವಿಕೆಯಲ್ಲಿತ್ತು. ಅವರು ಆಯುರ್ವೇದ ಬಲ್ಲವರು. ರೋಗಿಗಳಿಗೆ ಔಷಧಿ ಕೊಟ್ಟರು. ಮಕ್ಕಳಿಗಾಗಿ ಶಾಲೆಯನ್ನೂ ತೆರೆದರು. ಶಾಲೆಗೆ ‘ಹಮ್‌ದರ್ದ್’ ಎಂದು ಹೆಸರಿಟ್ಟರು. ಹಮ್‌ದರ್ದ್ ಎಂದರೆ ನೋವಿನಲ್ಲಿ ಜೊತೆಯಾಗುವವರು. ಔಷಧಿ ಕೊಡುವುದು, ಕಲಿಸುವುದು, ನೋವಿನಲ್ಲಿ ಜೊತೆಯಾಗುವುದು ಬೇರೆ ಬೇರೆ ಅಲ್ಲ. ಇದನ್ನು ನಮ್ಮ ರಾಯಚೂರು ಅಂದೇ ಕಂಡಿದೆ.

ಹಿರಿಯರಿಗೆ ಹೆಚ್ಚು ಬೇಕು

ಈಗ ಮಾನ್ವಿ ಕಡೆಯ ಮಾತು ಕೇಳಿ. ಅಲ್ಲಿನ ಒಂದು ಕೇಂದ್ರಕ್ಕೆ ಬರುವ ತಂಗಿಯೊಬ್ಬರು ಒಂದು ವಾರ ಬರಲಿಲ್ಲ. ನಾವು ಮನೆಗೆ ಹೋದೆವು. ಮನೆಯಲ್ಲಿ ಅತ್ತೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ನಸುಕಿನಲ್ಲಿ ಎದ್ದ ಕೂಡಲೇ ತಲೆ ಸುತ್ತಿ ಬಿದ್ದಿದ್ದರು. ಕೈಯ ಎಲುಬು ಮುರಿದಿತ್ತು.

ಅತ್ತೆಗೆ ಬಿ.ಪಿ. ಇತ್ತು. ಒಂದು ಸಲ ಒಂದು ಊರಲ್ಲಿ ತೋರಿಸಿದ್ದರು. ಇನ್ನೊಂದು ಸಲ ಬೇರೆ ಊರಲ್ಲಿ ತೋರಿಸಿದ್ದರು. ಎರಡೂ ಕಡೆ ಗುಳಿಗಿ ಕೊಟ್ಟಿದ್ದರು. ಮೊದಲಿನ ಗುಳಿಗಿಯ ವಿಷಯ ಎರಡನೇ ಕಡೆ ಇವರು ಹೇಳಿರಲಿಲ್ಲ. ಗುಳಿಗಿ ಪಟ್ಟಿಗಳ ಬಣ್ಣ ಬೇರೆ, ದೊಡ್ಡ ಅಕ್ಷರದ ಹೆಸರು ಬೇರೆ. ಅದಕ್ಕೆ ಎರಡನ್ನೂ ಕೊಡುತ್ತಿದ್ದರು.

ನಾವು ಆ ಪಟ್ಟಿಗಳನ್ನು ಹಿಡಿದು ತಂಗಿಯ ಜೊತೆ ಒಬ್ಬ ಫಾರ್ಮಸಿಸ್ಟ್ ಹತ್ತಿರ ಹೋದೆವು. ಅವರು ಎರಡನ್ನೂ ಪಕ್ಕಪಕ್ಕ ಇಟ್ಟರು. ದೊಡ್ಡ ಹೆಸರಿನ ಹತ್ತಿರ ಇದ್ದ ಸಣ್ಣ ಅಕ್ಷರ ತೋರಿಸಿದರು.

“ಇಂಗ್ಲಿಷ್ ಬರದಿದ್ರ ಚಿಂತಿಲ್ಲ ತಂಗಿ. ಅಕ್ಷರದ ಆಕಾರ ಹೋಲಿಸಿ ನೋಡ್ರಿ. ಎರಡರಾಗೂ ಒಂದೇ ಐತಿ ಹೌದಿಲ್ಲೋ?”

ತಂಗಿ ಬೆರಳಿಟ್ಟು ಒಂದೊಂದೇ ಅಕ್ಷರ ಹೋಲಿಸಿದರು. “ಹೌದ್ರಿ, ಒಂದೇ ಐತ್ರಿ” ಎಂದರು. ಕಣ್ಣು ತುಂಬಿ ಬಂತು. “ಮೊದಲೇ ಇಷ್ಟು ತಿಳಿದಿದ್ರ ನಮ್ಮತ್ತಿ ಬೀಳ್ತಿರಲಿಲ್ಲೇನೋ” ಎಂದರು.

ಅದು ಒಂದೇ ಔಷಧಿ. ಮಾಡಿದ ಕಂಪನಿ ಬೇರೆ, ಇಟ್ಟ ಹೆಸರು ಬೇರೆ. ಅತ್ತೆಗೆ ದಿನವೂ ಎರಡು ಪಟ್ಟು ಔಷಧಿ ಹೋಗುತ್ತಿತ್ತು. ಡಾಕ್ಟರಿಗೆ ಎರಡೂ ಪಟ್ಟಿ ತೋರಿಸಿದ ಮೇಲೆ ಒಂದನ್ನು ಬಿಡಿಸಿದರು.

ವಯಸ್ಸಾದಂತೆ ಮೂತ್ರಪಿಂಡದ ಕೆಲಸ ನಿಧಾನವಾಗುತ್ತದೆ. ಔಷಧಿ ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲ. ಆದ್ದರಿಂದ ಹರೆಯದವರಿಗೆ ಸರಿಯಾದ ಅಳತೆ ಮುದುಕರಿಗೆ ಹೆಚ್ಚಾಗಬಹುದು. ಬಿ.ಪಿ. ಗುಳಿಗಿ ತಗೊಂಡ ಹಿರಿಯರು ತಟ್ಟನೆ ಎದ್ದರೆ ತಲೆ ಸುತ್ತಬಹುದು. ಸಕ್ಕರೆ ಕಾಯಿಲೆಯ ಗುಳಿಗಿ ನುಂಗಿ ಊಟ ಬಿಟ್ಟರೆ ಮೈ ನಡುಗಬಹುದು, ಬೆವರು ಬರಬಹುದು. ಮೈಕೈ ನೋವಿನ ಗುಳಿಗಿಯನ್ನು ದಿನಾ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕಷ್ಟ ಇದೆ. ಮಗ ಸೊಸೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವುದು ಮುದುಕರು ಮತ್ತು ಮೊಮ್ಮಕ್ಕಳು. ಯಾವ ಗುಳಿಗಿ ಯಾವಾಗ ಎಂದು ಅವರಿಗೆ ಹೇಳುವವರು ಯಾರು?

ಹಿರಿಯರ ಜೊತೆಗೂ ಕೆಲಸವಿದೆ

ಅದಕ್ಕೇ ಹಿರಿಯರನ್ನು ಬಲ್ಲ ಫಾರ್ಮಸಿಸ್ಟ್‌ಗಳು ಬೇಕು. ಅಮೆರಿಕದಲ್ಲಿ ಹಿರಿಯರ ಆರೈಕೆ ಮನೆಗಳಿವೆ. ಅಲ್ಲಿರುವ ಪ್ರತಿಯೊಬ್ಬ ಹಿರಿಯರ ಔಷಧಿಗಳನ್ನು ಫಾರ್ಮಸಿಸ್ಟ್ ತಿಂಗಳಿಗೆ ಒಂದು ಸಲವಾದರೂ ಪರೀಕ್ಷಿಸಬೇಕು ಎಂದು ಅಲ್ಲಿ ಕಾನೂನೇ ಇದೆ. ಬೇಡದ್ದು ಕಂಡರೆ ಅವರು ಡಾಕ್ಟರಿಗೆ ತಿಳಿಸುತ್ತಾರೆ. ನಮ್ಮ ದೇಶದಲ್ಲಿ 2010-11ರಲ್ಲಿ ಹಿರಿಯರ ಆರೋಗ್ಯಕ್ಕಾಗಿಯೇ ಒಂದು ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಹಿರಿಯರು ಹೆಚ್ಚಿದಂತೆ ಅವರನ್ನು ಬಲ್ಲವರೂ ಹೆಚ್ಚು ಬೇಕಾಗುತ್ತಾರೆ.

ಈ ಕೆಲಸಕ್ಕೆ ಔಷಧಿಯ ಓದಿನ ಜೊತೆಗೆ ಇನ್ನೊಂದು ಗುಣ ಬೇಕು. ಅದು ತಾಳ್ಮೆ. ಹಿರಿಯರಿಗೆ ಕಿವಿ ಮಂದ. ಕಣ್ಣು ಮಂದ. ಒಂದೇ ಮಾತನ್ನು ಮೂರು ಸಲ ಹೇಳಬೇಕು. ಅವರು ತಿರುಗಿ ಹೇಳುವ ತನಕ ಕಾಯಬೇಕು. ಕಲಿಸುವವರ ಕೆಲಸವೂ ಹೀಗೆಯೇ. ನಿಮಗೆ ‘ಅ’ ಬರೆಯಲು ಕಲಿಸಿದ ದಿನ ನೆನಪಿದೆಯೇ? ಕೈ ಹಿಡಿದು ಎಷ್ಟು ಸಲ ತಿದ್ದಿಸಿದೆವು! ಅತ್ತೆ ಮಾವನ ಹತ್ತಿರ ಕೂತು, ಮುನಿಯದೆ, ತಿಳಿಸಿ ಹೇಳುವ ಹೆಣ್ಣುಮಗಳಲ್ಲಿ ಆ ಗುಣ ಆಗಲೇ ಇದೆ. ಓದು ಸೇರಿದರೆ ಅದೇ ಉದ್ಯೋಗವಾಗುತ್ತದೆ.

ಇಂದೇ ಮಾಡೋಣ

ಮಗಳು ಓದಿ ಬರಲು ವರ್ಷಗಳು ಬೇಕು. ಆದರೆ ಈ ಕೆಲಸಗಳನ್ನು ನಾವು ಇಂದೇ ಮಾಡಬಹುದು.

1. ದವಾಖಾನೆಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಡಾಕ್ಟರಿಗೂ ಫಾರ್ಮಸಿಸ್ಟ್‌ಗೂ ತೋರಿಸಿ.

2. “ಇದು ಯಾವ ಕಾಯಿಲೆಗೆ? ಯಾವಾಗ? ಊಟದ ಮೊದಲೋ, ನಂತರವೋ? ಎಷ್ಟು ದಿನ?” ಎಂದು ಕೇಳಿ. ಕೇಳಿದ್ದನ್ನು ಅವರ ಮುಂದೆ ತಿರುಗಿ ಹೇಳಿ.

3. ಗುಳಿಗಿ ಪಟ್ಟಿಯ ಮೇಲೆ ಕನ್ನಡದಲ್ಲಿ ಬರೆಯಿಸಿಕೊಳ್ಳಿ. ಇಲ್ಲವೇ ನೀವೇ ಬರೆಯಿರಿ: ಬಿ.ಪಿ. – ಬೆಳಿಗ್ಗೆ 1.

4. ಪಟ್ಟಿಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಇರುತ್ತದೆ. ಅದನ್ನು ತೋರಿಸಿ ಎಂದು ಕೇಳಿ ಓದಿಕೊಳ್ಳಿ. ಅವಧಿ ಮುಗಿದಿದ್ದರೆ ಕೊಡಬೇಡಿ. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಆ ಔಷಧಿ ತಗೋಬಾರದು.

5. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಕೊಡಬೇಡಿ. ಡಾಕ್ಟರನ್ನು ಕೇಳದೆ ಬಿ.ಪಿ., ಸಕ್ಕರೆ ಗುಳಿಗಿ ನಿಲ್ಲಿಸಬೇಡಿ.

6. ಸಕ್ಕರೆ ಕಾಯಿಲೆಯವರು ನಡುಗಿ ಬೆವರಿದರೆ, ಎಚ್ಚರ ಇದ್ದರೆ, ಸಕ್ಕರೆ ಅಥವಾ ಬೆಲ್ಲದ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಕೂಡಲೇ ದವಾಖಾನೆಗೆ ಒಯ್ಯಿರಿ.

ದೇವದುರ್ಗದ ಆ ಅಕ್ಕ ಈಗ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾರೆ. ಅದರಲ್ಲಿ ಸೂರ್ಯನ ಚಿತ್ರ ಇದೆ, ಚಂದ್ರನ ಚಿತ್ರ ಇದೆ. ಸೂರ್ಯನ ಕೆಳಗೆ 1. ಚಂದ್ರನ ಕೆಳಗೆ 1. ಅತ್ತೆಗೆ ಓದು ಬಾರದು. ಆದರೂ ಹಾಳೆ ನೋಡಿ ತಾವೇ ಸೊಸೆಗೆ ನೆನಪು ಮಾಡುತ್ತಾರೆ: “ಚಂದ್ರ ಬಂದ ನೋಡವಾ, ನನ್ನ ಗುಳಿಗಿ ಕೊಡು.”

ಆ ಮನೆಯಲ್ಲಿ ಆರನೇ ತರಗತಿ ಓದುವ ಮೊಮ್ಮಗಳಿದ್ದಾಳೆ. ಹಾಳೆಯ ಮೇಲೆ ಚಿತ್ರ ಬರೆದವಳು ಅವಳೇ. ಮುಂದೆ ಏನು ಓದುತ್ತಾಳೋ, ಕಾದು ನೋಡೋಣ.

ಹೇಳಿ ನೋಡೋಣ

ಚೀಟಿಯಲ್ಲಿ 1-1-1 ಎಂದಿದ್ದರೆ ಏನು ಅರ್ಥ? 0-0-1 ಎಂದಿದ್ದರೆ?

ನಿಮ್ಮ ಮನೆಯ ಹಿರಿಯರು ದಿನಕ್ಕೆ ಎಷ್ಟು ಗುಳಿಗಿ ನುಂಗುತ್ತಾರೆ? ಯಾವುದು ಯಾವುದಕ್ಕೆ? ಇಂದು ರಾತ್ರಿ ಕೇಳಿ, ಬರೆದುಕೊಂಡು ಬನ್ನಿ.