ಅಮ್ಮಿ ಹುಡುಕುತ್ತಿದ್ದ ಹಸಿರು ಚುಕ್ಕೆ

ಹೊಳೆನರಸೀಪುರದ ನಮ್ಮ ಮನೆಯಲ್ಲಿ ರಂಜಾನ್ ಸಂಜೆಗಳಿಗೆ ಚೈನಾ ಗ್ರಾಸ್ ಇರಲೇಬೇಕಿತ್ತು. ದಿನಸಿ ಅಂಗಡಿಯಿಂದ ತಂದ ಬಿಳಿ ಎಳೆಗಳನ್ನು ಅಮ್ಮಿ ನೀರಿನಲ್ಲಿ ನೆನೆಹಾಕಿ, ಕರಗುವ ತನಕ ಕುದಿಸಿ, ಸಕ್ಕರೆ ಹಾಕಿದ ಹಾಲಿಗೆ ಸೋಸಿ, ಸ್ಟೀಲ್ ತಟ್ಟೆಗೆ ಸುರಿಯುತ್ತಿದ್ದರು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅಡುಗೆಕಟ್ಟೆಯ ಮೇಲೆಯೇ ಅದು ಗಟ್ಟಿಯಾಗುತ್ತಿತ್ತು, ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ ಬರ್ಫಿಯಂತೆ ಕತ್ತರಿಸಿ ಇಡುತ್ತಿದ್ದರು. ಅದು ಕಡಲಪಾಚಿಯದ್ದು, ತಮಿಳುನಾಡಿನ ರಾಮನಾಥಪುರದ ಕರಾವಳಿಯಲ್ಲಿ ಹೆಂಗಸರು ನೀರಿಗಿಳಿದು ಕಿತ್ತು ತರುವಂಥ ಪಾಚಿಯದ್ದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಒಮ್ಮೆ ಮಾಮೂ, ಲಂಡನ್ನಿನಿಂದ ಬಂದವರೊಬ್ಬರು ಕೊಟ್ಟ ಜೆಲ್ಲಿ ಮಿಠಾಯಿಯ ಪೊಟ್ಟಣ ತಂದರು. ಕರಡಿಮರಿಗಳ ಆಕಾರ, ಐದು ಬಣ್ಣ. ನಾವು ಕೈ ಚಾಚುವಷ್ಟರಲ್ಲಿ ಅಮ್ಮಿ ಅದನ್ನು ಅಟ್ಟದ ಮೇಲಿಟ್ಟರು. "ಇದನ್ನ ಯಾವುದರಿಂದ ಮಾಡಿದಾರೋ ಗೊತ್ತಾಗ್ಲಿ, ಆಮೇಲೆ ಕೊಡ್ತೀನಿ." ಹಿಂಬದಿಯ ಸಣ್ಣಕ್ಷರ ಓದಬಲ್ಲವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಪೊಟ್ಟಣ ಅಟ್ಟದಲ್ಲೇ ಉಳಿಯಿತು.

ಆ ಮಿಠಾಯಿಯನ್ನು ನಿಲ್ಲಿಸಿದ್ದು ಜೆಲಾಟಿನ್. ಪ್ರಾಣಿಗಳ ಚರ್ಮ, ಮೂಳೆಗಳಿಂದ ಅದನ್ನು ತೆಗೆಯುತ್ತಾರೆ. ಯೂರೋಪಿನಲ್ಲಿ ಬಹುಪಾಲು ಹಂದಿಯ ಚರ್ಮ, ಭಾರತದಲ್ಲಿ ಹೆಚ್ಚಾಗಿ ದನ-ಎಮ್ಮೆಗಳ ಮೂಳೆ. ಮಿಠಾಯಿ ಮಾಡುವವರಿಗೆ ಅದರ ಮೇಲೆ ಅಷ್ಟು ಮೋಹ ಯಾಕೆಂದರೆ ಅದು ಮೈಶಾಖಕ್ಕೇ, ಸುಮಾರು 35 ಡಿಗ್ರಿಗೆ ಕರಗುತ್ತದೆ. ಚೈನಾ ಗ್ರಾಸ್ ಒಮ್ಮೆ ಗಟ್ಟಿಯಾದರೆ 85 ಡಿಗ್ರಿ ಮುಟ್ಟುವವರೆಗೆ ಕರಗುವುದಿಲ್ಲ. ನಾಲಿಗೆಯ ಮೇಲೆ ಕರಗುವ ಆ ಮೆದುತನವನ್ನು ಪಾಚಿ ಕೊಡಲಾರದು.

ಮುಸ್ಲಿಮರಿಗೆ ಹಂದಿಯದ್ದು ಬೇಡವೇ ಬೇಡ. ದನದ್ದಾದರೂ ಜಬಹ್ ಆದ, ಅಂದರೆ ಧರ್ಮದ ವಿಧಿಯಂತೆ ಕೊಯ್ದ, ಪ್ರಾಣಿಯದಾಗಿರಬೇಕು. ಪೂರ್ತಿ ಬೇರೆ ವಸ್ತುವಾಗಿ ಮಾರ್ಪಟ್ಟ ಮೇಲೂ ಮೂಲದ ಅಶುದ್ಧಿ ಉಳಿಯುತ್ತದೆಯೇ ಎಂದು ಉಲೇಮಾಗಳು ಬಹಳ ಚರ್ಚಿಸಿದ್ದಾರೆ. 1995ರಲ್ಲಿ ಕುವೈತ್‌ನಲ್ಲಿ ಸೇರಿದ ವೈದ್ಯರು ಮತ್ತು ಧರ್ಮಶಾಸ್ತ್ರಜ್ಞರ ಗೋಷ್ಠಿ, ಹಾಗೆ ಮಾರ್ಪಟ್ಟ ಜೆಲಾಟಿನ್ ಶುದ್ಧವೆಂದಿತು. ಬಹಳ ಉಲೇಮಾಗಳು ಅದನ್ನು ಒಪ್ಪಲಿಲ್ಲ. ಅಮ್ಮಿಯಂಥವರು ಅಷ್ಟು ದೂರ ಹೋಗುವವರಲ್ಲ. ಅನುಮಾನ ಬಂದದ್ದನ್ನು ಬಿಟ್ಟುಬಿಡುವುದು ಅವರ ದಾರಿ.

ಊರಿನ ತಿಂಡಿಗಳ ಬಗ್ಗೆ ಮಾತ್ರ ಅಂಥ ಅನುಮಾನ ಹುಟ್ಟುತ್ತಲೇ ಇರಲಿಲ್ಲ. ಅರಕಲಗೂಡಿನ ಜಾತ್ರೆಯ ಬೆಂಡು-ಬತ್ತಾಸಿನಲ್ಲಿ ಇರುವುದು ಸಕ್ಕರೆಯೊಂದೇ. ಕೆಲವು ದೇಶಗಳಲ್ಲಿ ಸಕ್ಕರೆಯನ್ನು ಬಿಳುಪು ಮಾಡಲು ಸುಟ್ಟ ಮೂಳೆಯ ಇದ್ದಿಲು ಬಳಸುತ್ತಾರೆ. ನಮ್ಮ ದೇಶದ ಗಿರಣಿಗಳಲ್ಲಿ ಸಾಮಾನ್ಯವಾಗಿ ಸುಣ್ಣ ಮತ್ತು ಗಂಧಕದ ಹೊಗೆಯಲ್ಲೇ ಕಬ್ಬಿನ ಹಾಲು ತಿಳಿಯಾಗುತ್ತದೆ. ಅಮ್ಮಿಯ ಸೋದರಿ, ಚನ್ನರಾಯಪಟ್ಟಣದ ಖಾಲಾ ಮಾಡುತ್ತಿದ್ದ ಕೊಬ್ಬರಿ ಮಿಠಾಯಿಯಲ್ಲಿ ಮನೆ ಹಿತ್ತಲಿನ ಕಾಯಿ, ಆಲೆಮನೆಯ ಬೆಲ್ಲ. ಇನ್ನೇನನ್ನು ವಿಚಾರಿಸುವುದು?

ವಿಚಾರಿಸಬೇಕಾಗಿದ್ದು ಬೇಕರಿಯನ್ನು. ಇಂಗ್ಲಿಷರು ತಂದ ಬೇಕಿಂಗ್‌ನಲ್ಲಿ ಮೊಟ್ಟೆ ಸಾಮಾನ್ಯ, ಹಂದಿಕೊಬ್ಬೂ ಹೊಸದಲ್ಲ, ಕೇಕಿಗೆ ಬ್ರಾಂಡಿ. ಆದರೂ ಹಾಸನದ ಮುಸ್ಲಿಂ ಮನೆಗಳು ಹೆಚ್ಚು ಯೋಚಿಸದೆ ಬೇಕರಿ ಮೆಟ್ಟಿಲು ಹತ್ತಿದವು. ಅದರ ಶ್ರೇಯ ಅಯ್ಯಂಗಾರ್ ಬೇಕರಿಗೆ ಸಲ್ಲಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಹಾಸನ ಸೀಮೆಯಿಂದ ಬೆಂಗಳೂರಿಗೆ ಹೋದ ಎಚ್.ಎಸ್. ತಿರುಮಲಾಚಾರ್ ಸಹೋದರರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಅವರ ಹಿಂದೆ ಇದೇ ಜಿಲ್ಲೆಯ ಹಳ್ಳಿಗಳಿಂದ ಹೆಬ್ಬಾರ್ ಅಯ್ಯಂಗಾರ್ ಕುಟುಂಬಗಳು ಊರೂರಿಗೆ ಹೋಗಿ ಒಲೆ ಹಚ್ಚಿದವು. ತಾವು ತಿನ್ನದ್ದನ್ನು ಅವರು ಮಾರಲಿಲ್ಲ. ಮೊಟ್ಟೆಯಿಲ್ಲ, ಕೊಬ್ಬಿಲ್ಲ, ಹೆಂಡವಿಲ್ಲ. ವೈಷ್ಣವ ಮಡಿ ಒಪ್ಪಿದ ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು ಯಾರೂ ಹೇಳದೆಯೇ ಹಲಾಲ್ ಕೂಡ ಆದವು. ನಮ್ಮ ಓಣಿಯ ಹಸನ್ಮುಖಿ ಮುದುಕಿಯೊಬ್ಬರು ಈದ್ ದಿನ ಶೀರ್ ಖುರ್ಮಾದ ಬಟ್ಟಲಿನ ಜತೆ ಅಯ್ಯಂಗಾರರ ಬಿಸ್ಕತ್ತನ್ನೇ ಇಟ್ಟು ಕೊಡುತ್ತಿದ್ದರು.

ಆ ನೆಮ್ಮದಿಗೆ ಮೊದಲ ಪೆಟ್ಟು ಬಿದ್ದದ್ದು 1983ರಲ್ಲಿ. ಹೊರದೇಶದಿಂದ ತರಿಸಿದ ದನದ ಕೊಬ್ಬು ವನಸ್ಪತಿಯಲ್ಲಿ ಬೆರೆಯುತ್ತಿದೆ ಎಂಬ ಸುದ್ದಿ ದೇಶವನ್ನೇ ಕಲಕಿತು, ಕೇಂದ್ರ ಸರ್ಕಾರ ಆ ಆಮದನ್ನೇ ನಿಲ್ಲಿಸಿತು. ಹಿಂದೂ ಮನೆಗಳಲ್ಲಿ ಡಾಲ್ಡಾ ಡಬ್ಬಿಗಳು ಮೂಲೆ ಸೇರಿದವು. ನಮ್ಮ ಮನೆಯಲ್ಲೂ ಹಾಗೆಯೇ. ಗೊತ್ತಿಲ್ಲದ ಕೊಬ್ಬು ದನದ್ದೇ ಎಂದು ಹೇಳುವವರಾರು, ಹೇಗೆ ಕೊಂದ ದನ ಎಂದು ಹೇಳುವವರಾರು? 1857ರಲ್ಲಿ ತೋಟಾಗಳಿಗೆ ಸವರಿದ ಕೊಬ್ಬಿನ ವಿಚಾರದಲ್ಲಿ ಎರಡೂ ಧರ್ಮದ ಸಿಪಾಯಿಗಳು ಕೇಳಿದ್ದ ಪ್ರಶ್ನೆಯೂ ಇದೇ ಅಲ್ಲವೇ.

ಉತ್ತರ ಪೊಟ್ಟಣದ ಮೇಲೆ ಬರಲು ಇನ್ನೂ ಎರಡು ದಶಕ ಹಿಡಿಯಿತು. ಆಹಾರ ಕಲಬೆರಕೆ ತಡೆ ನಿಯಮಗಳಿಗೆ 2000ದ ಏಪ್ರಿಲ್‌ನಲ್ಲಿ ತಿದ್ದುಪಡಿಯಾಗಿ ಮಾಂಸಾಹಾರಕ್ಕೆ ಕಂದು ಗುರುತು ಬಂತು. 2001ರ ಡಿಸೆಂಬರ್‌ನಲ್ಲಿ ಸಸ್ಯಾಹಾರಕ್ಕೆ ಹಸಿರು ಚುಕ್ಕೆ. ಸಸ್ಯಾಹಾರಿಗಳ ತಿಳಿಯುವ ಹಕ್ಕಿಗಾಗಿ ಹುಟ್ಟಿದ ಗುರುತು ಅದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬರುವ ಜೈನ ಯಾತ್ರಿಕರಿಗೆ ಅದು ಎಷ್ಟು ಮುಖ್ಯವೆಂದು ವಿವರಿಸಬೇಕಿಲ್ಲ. ಅದೇ ತಾಲ್ಲೂಕಿನ ಅಂಗಡಿಯಲ್ಲಿ ನನ್ನ ಖಾಲಾ ಕೂಡ ಅದೇ ಚುಕ್ಕೆಯನ್ನು ಹುಡುಕತೊಡಗಿದರು. ಅಕ್ಷರ ಬಾರದ ಕಣ್ಣಿಗೂ ಬಣ್ಣ ಕಾಣುತ್ತದೆ. ಹಸಿರಿದ್ದರೆ ಜೆಲಾಟಿನ್ ಇಲ್ಲ, ಕೊಬ್ಬಿಲ್ಲ, ಕೀಟದಿಂದ ತೆಗೆದ ಕೆಂಪು ಬಣ್ಣವೂ ಇಲ್ಲ. "ಅಣ್ಣಾ, ಹಸಿರು ಚುಕ್ಕೆದು ಕೊಡಿ" ಎಂದರೆ ಸಾಕಾಗುತ್ತಿತ್ತು.

ಪೂರ್ತಿ ಸಾಕಾಗಲಿಲ್ಲ ಎಂಬುದನ್ನೂ ಹೇಳಬೇಕು. ಚುಕ್ಕೆ ಕೇಳುವುದು ಪ್ರಾಣಿಯ ಪ್ರಶ್ನೆಯನ್ನು ಮಾತ್ರ, ಹೆಂಡದ ಪ್ರಶ್ನೆಯನ್ನಲ್ಲ. ರಮ್ಮಿನಲ್ಲಿ ನೆನೆಸಿದ ಒಣಹಣ್ಣಿನ ಕೇಕಿಗೆ ಮೊಟ್ಟೆ ಹಾಕದಿದ್ದರೆ ಹಸಿರು ಚುಕ್ಕೆ ಹಾಕಬಹುದು. ಹೊಳೆಯುವ ಸಕ್ಕರೆ ಗೋಲಿಗಳ ಮೇಲಿನ ಮೆರುಗು ಎಷ್ಟೋ ಸಲ ಅರಗಿನದ್ದು. ಅರಗು, ಜೇನು, ಜೇನುಮೇಣಗಳನ್ನು ನಿಯಮವೇ ಮಾಂಸಾಹಾರದ ಪಟ್ಟಿಯಿಂದ ಹೊರಗಿಟ್ಟಿದೆ. ಕಂದು ಗುರುತಿದೆ ಎಂದಮಾತ್ರಕ್ಕೆ ಹರಾಮ್ ಎಂದೂ ಅಲ್ಲ, ಬರೀ ಮೊಟ್ಟೆಯಿದ್ದರೂ ಅದೇ ಗುರುತು. ಬಣ್ಣಗುರುಡು ಇರುವವರಿಗೆ ತಿಳಿಯಲೆಂದು 2020ರ ನಿಯಮಗಳಲ್ಲಿ ಕಂದು ಚುಕ್ಕೆ ತ್ರಿಕೋನವಾಯಿತು, ಅದರೊಳಗಿನ ಗುಟ್ಟು ಮಾತ್ರ ಬದಲಾಗಲಿಲ್ಲ. ಬಿಡಿ ಮಿಠಾಯಿಯ ತಟ್ಟೆಯ ಮುಂದೆ ಯಾವ ದಿನದೊಳಗೆ ತಿನ್ನಬೇಕೆಂಬ ದಿನಾಂಕ ಇರಬೇಕೆಂದು 2020ರ ಅಕ್ಟೋಬರ್‌ನಿಂದ ಕಡ್ಡಾಯವಾಯಿತು. ಆ ಮಿಠಾಯಿಯ ಮೇಲಿನ ಬೆಳ್ಳಿ ವರಖ್ ಪ್ರಾಣಿಯ ಪೊರೆಯ ನಡುವೆ ಬಡಿದದ್ದೋ, ಯಂತ್ರದಲ್ಲಿ ಮಾಡಿದ್ದೋ ಎಂಬುದನ್ನು ಈಗಲೂ ಬಾಯಿಬಿಟ್ಟೇ ಕೇಳಬೇಕು.

2021ರ ಡಿಸೆಂಬರ್ 9ರಂದು ದೆಹಲಿ ಹೈಕೋರ್ಟ್ ಗೋರಕ್ಷಣೆಯ ಸಂಘಟನೆಯೊಂದು ಹಾಕಿದ್ದ ಅರ್ಜಿಯಲ್ಲಿ, ಬರೀ ಸಂಕೇತ ಸಂಖ್ಯೆ ಬರೆದರೆ ಸಾಲದು, ಪ್ರತಿಯೊಂದು ಪದಾರ್ಥ ಸಸ್ಯದ್ದೋ, ಪ್ರಾಣಿಯದ್ದೋ, ಪ್ರಯೋಗಾಲಯದ್ದೋ ತಿಳಿಸಬೇಕು ಎಂದಿತು. ಆದೇಶದಲ್ಲಿ ಉದಾಹರಣೆಯಾಗಿ ಬಂದದ್ದು ಇ631, ಕುರುಕುಲು ತಿಂಡಿಗಳಿಗೆ ರುಚಿ ಕೊಡುವ ಪುಡಿ. ಅದನ್ನು ಮೀನಿನಿಂದಲೂ ಮಾಡಬಹುದು, ಹಂದಿಯಿಂದಲೂ ಮಾಡಬಹುದು. ಅರ್ಜಿದಾರರ ಮನಸ್ಸಿನಲ್ಲಿ ಮುಸ್ಲಿಂ ಗಿರಾಕಿ ಇದ್ದಿರಲಾರರು. ಆದರೂ ಆ ಆದೇಶದಿಂದ ಅಮ್ಮಿಯಂಥವರಿಗೆ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ ಎಂದು ನಾನು ತಿಳಿದಿದ್ದೇನೆ.

ಹಲಾಲ್ ಮುದ್ರೆಯದು ಬೇರೆಯೇ ಕಥೆ. ಮಲೇಷ್ಯಾದಲ್ಲಿ 1974ರಿಂದ ಸರ್ಕಾರವೇ ಹಲಾಲ್ ಪತ್ರ ಕೊಡುತ್ತಿದೆ. ನಮ್ಮಲ್ಲಿ ಅದನ್ನು ಖಾಸಗಿ ಸಂಸ್ಥೆಗಳು ಕೊಡುತ್ತ ಬಂದವು. ಕೊಲ್ಲಿ ದೇಶಗಳಿಗೆ ಮಾಲು ಕಳಿಸುವ ಬಿಸ್ಕತ್ತು, ಚಾಕೊಲೇಟ್ ಕಂಪನಿಗಳಿಗೆ ಅದು ಬೇಕು. 2022ರ ಯುಗಾದಿ ಹೊಸತೊಡಕಿನ ಹೊತ್ತಿಗೆ ಕರ್ನಾಟಕದಲ್ಲಿ ಹಲಾಲ್ ಮಾಂಸ ಬಹಿಷ್ಕಾರದ ಕೂಗು ಎದ್ದಿತು. 2023ರ ನವೆಂಬರ್‌ನಲ್ಲಿ ಉತ್ತರ ಪ್ರದೇಶ ತನ್ನ ರಾಜ್ಯದೊಳಗೆ ಹಲಾಲ್ ಮುದ್ರೆಯ ಪದಾರ್ಥಗಳ ಮಾರಾಟವನ್ನೇ ನಿಷೇಧಿಸಿತು. ಆ ಗದ್ದಲದಲ್ಲಿ, ಮಗುವಿನ ಕೈಗೆ ಕೊಡುವ ಮಿಠಾಯಿ ಯಾವುದರಿಂದ ಆಗಿದೆ ಎಂದು ತಿಳಿಯಬಯಸುವ ತಾಯಿಯ ದನಿ ಯಾರಿಗೂ ಕೇಳಿಸಲಿಲ್ಲ. ಅದು ನನಗೆ ಈಗಲೂ ನೋವು.

ಹೋದ ರಂಜಾನಿನಲ್ಲಿ ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳು ಆರನೇ ಕ್ಲಾಸು. ಜೆಲ್ಲಿ ಮಿಠಾಯಿಯ ಪೊಟ್ಟಣ ತಿರುಗಿಸಿ ಜೋರಾಗಿ ಓದಿದಳು: ಸಕ್ಕರೆ, ಗ್ಲೂಕೋಸ್, ಪೆಕ್ಟಿನ್. "ಪೆಕ್ಟಿನ್ ಅಂದ್ರೇನು ಮಾಮೂ?" ಹಣ್ಣಿನ ಸಿಪ್ಪೆಯಿಂದ ತೆಗೆಯುತ್ತಾರೆ, ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗುವುದೂ ಅದರಿಂದಲೇ ಎಂದೆ. ಒಳಗೆ ಕೂತಿದ್ದ ಅಮ್ಮಿ "ಚುಕ್ಕೆ ನೋಡಿದ್ಯಾ?" ಎಂದು ಕೂಗಿ ಕೇಳಿದರು. "ಹಸಿರು ಇದೆ ನಾನೀ" ಎಂದು ಹುಡುಗಿ ಮೊದಲ ತುಂಡನ್ನು ಅವರ ಬಾಯಿಗೇ ಹಾಕಿದಳು.