ಕಲ್ಲು ನೋಡಿ, ಆಮೇಲೆ ಗ್ಲಾಸು ಎತ್ತಿ

ಪೋರ್ಚುಗಲ್‌ನ ಪೋರ್ಟೊ ನಗರದಿಂದ ಪೂರ್ವಕ್ಕೆ ಹೊರಡುವ ಪೊಸಿನ್ಯೊ ರೈಲಿನಲ್ಲಿ ಬಲಗಡೆಯ ಕಿಟಕಿ ಹಿಡಿಯಬೇಕು. ಮೊದಲ ಒಂದು ಗಂಟೆ ಊರುಕೇರಿ, ಹಿತ್ತಲು, ಕಾರ್ಖಾನೆಗಳಷ್ಟೇ ಕಾಣುತ್ತವೆ. ತಪ್ಪು ರೈಲು ಹತ್ತಿದೆವೇನೋ ಎಂದು ಅನುಮಾನ ಬರುವ ಹೊತ್ತಿಗೆ ದೋರು ನದಿ ಹಳಿಯ ಪಕ್ಕಕ್ಕೇ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಅದು ಜೊತೆ ಬಿಡುವುದಿಲ್ಲ. ಆಚೆ ದಡದ ಗುಡ್ಡಗಳು ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿರುತ್ತವೆ. ಪ್ರತಿ ಮೆಟ್ಟಿಲಿನ ಮೇಲೂ ದ್ರಾಕ್ಷಿ.

ವೈನ್ ಸವಿಯುವುದಕ್ಕೆಂದೇ ರಜೆ ಹಾಕಿ ಹೊರಡುವ ಗಂಡ ಹೆಂಡತಿಯರಿಗೆ ಜಗತ್ತಿನಲ್ಲಿ ಕಣಿವೆಗಳ ಕೊರತೆಯಿಲ್ಲ. ಕ್ಯಾಲಿಫೋರ್ನಿಯಾದ ನಾಪಾ ಇದೆ, ಜರ್ಮನಿಯ ಮೋಸೆಲ್ ಇದೆ. ಆದರೆ ಇಂಥ ಪ್ರವಾಸದಲ್ಲಿ ಒಂದು ಕಷ್ಟ ಎಲ್ಲ ಕಡೆಯೂ ಎದುರಾಗುತ್ತದೆ: ಇಬ್ಬರಲ್ಲಿ ಒಬ್ಬರು ಕಾರು ಓಡಿಸಬೇಕು, ಅವರು ಕುಡಿಯುವಂತಿಲ್ಲ. ದೋರು ಕಣಿವೆಯಲ್ಲಿ ಆ ಕಷ್ಟವನ್ನು ಹತ್ತೊಂಬತ್ತನೇ ಶತಮಾನದ ಹಳಿ ಬಗೆಹರಿಸಿದೆ. 1880ರಲ್ಲಿ ರೈಲು ಪಿನ್ಯಾಂವ್ ಎಂಬ ಪುಟ್ಟ ಊರಿಗೆ ಬಂತು. ಇವತ್ತಿಗೂ ಆ ನಿಲ್ದಾಣದಲ್ಲಿ ಇಳಿದು ನಡೆದುಕೊಂಡೇ ತಲುಪಬಹುದಾದ ದ್ರಾಕ್ಷಿ ತೋಟಗಳಿವೆ. ಅಂಥ ತೋಟಗಳನ್ನು ಅಲ್ಲಿ ಕಿಂತಾ ಎನ್ನುತ್ತಾರೆ. ತೋಟ, ಮನೆ, ವೈನ್ ಮಾಡುವ ಕೊಟ್ಟಿಗೆ ಎಲ್ಲ ಸೇರಿ ಒಂದು ಕಿಂತಾ.

ಹೆಚ್ಚಿನ ಪ್ರವಾಸಿಗರು ಇಲ್ಲಿಯವರೆಗೆ ಬರುವುದೇ ಇಲ್ಲ. ಪೋರ್ಟೊ ನಗರದ ಎದುರು ದಡದಲ್ಲಿರುವ ವಿಲ ನೋವ ದ ಗೈಯಾದ ಹಳೆಯ ಉಗ್ರಾಣಗಳಲ್ಲಿ ಸಾಲಾಗಿ ಮೂರು ನಾಲ್ಕು ಗ್ಲಾಸು ಪೋರ್ಟ್ ವೈನ್ ರುಚಿ ನೋಡಿ, ಸೇತುವೆಯ ಮೇಲೆ ಫೋಟೊ ತೆಗೆದುಕೊಂಡು ಮರಳುತ್ತಾರೆ. ಆ ಸಿಹಿ ಕಡುಗೆಂಪು ಪಾನೀಯ ಅವರಿಗೆ ಇಷ್ಟವಾಗಿಯೂ ಇರುತ್ತದೆ. ಆದರೆ ಅದು ಯಾಕೆ ಹಾಗಿದೆ ಎನ್ನುವುದು ಉಗ್ರಾಣದ ಕತ್ತಲೆಯಲ್ಲಿ ತಿಳಿಯುವುದಿಲ್ಲ. ಅದಕ್ಕೆ ಮೊದಲು ನದಿಯ ಮೇಲ್ದಿಕ್ಕಿಗೆ ಹೋಗಬೇಕು, ಕಲ್ಲು ನೋಡಬೇಕು.

ಅಟ್ಲಾಂಟಿಕ್ ಕಡೆಯಿಂದ ಬರುವ ಮಳೆಮೋಡಗಳನ್ನು ಮರಾಂವ್ ಬೆಟ್ಟಸಾಲು ತಡೆಯುತ್ತದೆ. ಕರಾವಳಿಯ ಪೋರ್ಟೊ ಹಸಿರಾಗಿ ಒದ್ದೆಯಾಗಿರುತ್ತದೆ. ಬೆಟ್ಟ ದಾಟಿದ ಮೇಲೆ ಪೂರ್ವಕ್ಕೆ ಹೋದಂತೆಲ್ಲ ಮಳೆ ಕಡಿಮೆಯಾಗುತ್ತ, ಬೇಸಿಗೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ವರ್ಷದಲ್ಲಿ ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಎಂದು ಅಲ್ಲಿಯವರೇ ಹೇಳಿಕೊಳ್ಳುತ್ತಾರೆ. ನೆಲವೋ, ಮಣ್ಣೆಂದು ಕರೆಯುವುದೇ ಕಷ್ಟ. ಶಿಸ್ಟ್ ಎಂಬ ಪದರುಕಲ್ಲು, ಹಾಳೆ ಹಾಳೆಯಾಗಿ ಸೀಳುವಂಥದ್ದು. ದ್ರಾಕ್ಷಿಯ ಬೇರು ಆ ಸೀಳುಗಳ ಸಂದಿಯಲ್ಲಿ ನೀರು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಹಗಲು ಕಾದ ಕಲ್ಲು ರಾತ್ರಿಯೆಲ್ಲ ಬಿಸಿ ಬಿಡುತ್ತ ಇರುವುದರಿಂದ ಹಣ್ಣು ಗಾಢವಾಗಿ ಮಾಗುತ್ತದೆ. ಇಂಥ ಕಡೆ ಬಳ್ಳಿಯೊಂದು ಕೊಡುವ ಹಣ್ಣು ಸ್ವಲ್ಪವೇ, ಆದರೆ ಅದರ ಸಿಪ್ಪೆ ದಪ್ಪ, ರಸ ಮಂದ.

ಆ ಕಲ್ಲನ್ನೇ ಒಡೆದು ಜನ ತೋಟ ಮಾಡಿದ್ದಾರೆ. ಗುಡ್ಡದ ಮೈಯನ್ನು ಸಲಾಕೆಯಿಂದ ಸೀಳಿ, ಬಂದ ಕಲ್ಲಿನಿಂದ ಗಾರೆಯಿಲ್ಲದೆ ಗೋಡೆ ಕಟ್ಟಿ, ಪುಡಿಯಾದ ಕಲ್ಲನ್ನು ಗೋಡೆಯ ಹಿಂದೆ ತುಂಬಿ, ಅದರಲ್ಲಿ ಬಳ್ಳಿ ನೆಟ್ಟರು. ಕೆಲವು ಮೆಟ್ಟಿಲುಗಳಲ್ಲಿ ಹಿಡಿಸುವುದು ಬಳ್ಳಿಗಳ ಒಂದೆರಡು ಸಾಲು ಮಾತ್ರ. ಅಲ್ಲಿ ಟ್ರ್ಯಾಕ್ಟರ್ ತಿರುಗುವುದಿಲ್ಲ, ಕೊಯ್ಲಿನ ಯಂತ್ರ ಹತ್ತುವುದಿಲ್ಲ. ಇಂದಿಗೂ ಸೆಪ್ಟೆಂಬರ್ ಬಂದರೆ ಆಳುಗಳೇ ಗೊಂಚಲು ಕತ್ತರಿಸಿ ಹೊರಬೇಕು. 1970ರ ದಶಕದಿಂದೀಚೆಗೆ ಬುಲ್ಡೋಜರ್‌ಗಳು ಗೋಡೆಯಿಲ್ಲದ ಮಣ್ಣಿನ ಒಡ್ಡುಗಳನ್ನು ಮಾಡಿಕೊಟ್ಟಿವೆ. ಹಳೆಯದು ಯಾವುದು, ಹೊಸದು ಯಾವುದು ಎಂದು ರೈಲಿನ ಕಿಟಕಿಯಿಂದಲೇ ಗುರುತಿಸಬಹುದು. 2001ರಲ್ಲಿ ಯುನೆಸ್ಕೊ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಬರಿಯ ಚೆಲುವಿಗಲ್ಲ, ಈ ಕೈಗೆಲಸಕ್ಕೆ.

ಅಲ್ಲಲ್ಲಿ ಗೋಡೆಗಳಿದ್ದೂ ಬಳ್ಳಿಯಿಲ್ಲದ ಗುಡ್ಡಗಳು ಕಣ್ಣಿಗೆ ಬೀಳುತ್ತವೆ. ಪೊದೆ ಬೆಳೆದು, ನಡುವೆ ಒಂದೆರಡು ಆಲಿವ್ ಮರ ನಿಂತಿರುತ್ತವೆ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಬೇರು ತಿಂದು ಯುರೋಪಿನ ದ್ರಾಕ್ಷಿಯನ್ನೇ ನೆಲಕ್ಕೆ ಹಾಕಿತು. ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿ ಕಟ್ಟುವ ಉಪಾಯ ಸಿಗುವ ಹೊತ್ತಿಗೆ ಎಷ್ಟೋ ಕುಟುಂಬಗಳು ಊರು ಬಿಟ್ಟಿದ್ದವು. ಅವರು ಮತ್ತೆ ನೆಡದೆ ಬಿಟ್ಟ ಮೆಟ್ಟಿಲುಗಳಿವು. ಕಣಿವೆಯವರು ಅವನ್ನು ಸತ್ತ ತೋಟಗಳೆಂದೇ ಕರೆಯುತ್ತಾರೆ. ಮಾರ್ಗದರ್ಶಿಗಳು ಸಾಮಾನ್ಯವಾಗಿ ತೋರಿಸುವುದಿಲ್ಲ, ಕೇಳಿ ನೋಡಬೇಕು.

ಈ ಕಣಿವೆಗೆ ಸರ್ಕಾರ ಗಡಿ ಹಾಕಿದ್ದು 1756ರಲ್ಲಿ. ಹಿಂದಿನ ವರ್ಷವಷ್ಟೇ ಭೂಕಂಪದಿಂದ ಲಿಸ್ಬನ್ ನಾಶವಾಗಿತ್ತು. ಅದನ್ನು ಮತ್ತೆ ಕಟ್ಟಿಸುತ್ತಿದ್ದ ಮಂತ್ರಿಯೇ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದವನು, ವೈನ್ ವ್ಯಾಪಾರದಲ್ಲಿ ನಡೆಯುತ್ತಿದ್ದ ಕಲಬೆರಕೆಗೂ ಕೈ ಹಾಕಿದ. ತೆಳು ವೈನಿಗೆ ಎಲ್ಡರ್‌ಬೆರಿ ಹಣ್ಣಿನ ರಸ ಬೆರೆಸಿ ಬಣ್ಣ ಕಟ್ಟಿ ಇಂಗ್ಲೆಂಡಿಗೆ ಕಳಿಸುವವರಿದ್ದರು. ಆತ ಆ ಗಿಡಗಳನ್ನೇ ಕೀಳಿಸಿದ. ಒಳ್ಳೆಯ ದ್ರಾಕ್ಷಿ ಬೆಳೆಯುವ ಸೀಮೆಯನ್ನು ಗುರುತಿಸಿ 300ಕ್ಕೂ ಹೆಚ್ಚು ಗ್ರಾನೈಟ್ ಗಡಿಕಲ್ಲುಗಳನ್ನು ನೆಡಿಸಿದ. ಸರ್ಕಾರವೇ ಗಡಿ ಗುರುತಿಸಿ ನಿಯಮ ಹಾಕಿದ ವೈನ್ ಸೀಮೆಗಳಲ್ಲಿ ಇದು ಜಗತ್ತಿನ ಅತಿ ಹಳೆಯವುಗಳಲ್ಲೊಂದು. ಕೆಲವು ಕಲ್ಲುಗಳು ಈಗಲೂ ತೋಟಗಳ ನಡುವೆ ನಿಂತಿವೆ.

ಪಿನ್ಯಾಂವ್ ನಿಲ್ದಾಣದ ಗೋಡೆಯಲ್ಲಿ ನೀಲಿ ಬಿಳಿ ಹೆಂಚುಗಳ 24 ಚಿತ್ರಗಳಿವೆ: ಕೊಯ್ಲು, ಬುಟ್ಟಿ ಹೊತ್ತ ಗಂಡಸರು, ಪೀಪಾಯಿ ತುಂಬಿದ ದೋಣಿ. ಅವನ್ನು ಸಾವಕಾಶವಾಗಿ ನೋಡಿಕೊಂಡು ತೋಟಕ್ಕೆ ಹೋದರೆ ಅಲ್ಲಿನ ಕೆಲಸ ಅರ್ಧ ಅರ್ಥವಾಗಿರುತ್ತದೆ. ಉಳಿದರ್ಧ ತಿಳಿಯುವುದು ಲಗಾರ್ ಎಂಬ ಕಲ್ಲಿನ ತೊಟ್ಟಿಯ ಮುಂದೆ. ಕೊಯ್ದ ದ್ರಾಕ್ಷಿಯನ್ನು ತೊಡೆಮಟ್ಟದ ಆ ತೊಟ್ಟಿಗೆ ಸುರಿದು, ರಾತ್ರಿ ಊಟವಾದ ಮೇಲೆ ಹೆಣ್ಣು ಗಂಡೆನ್ನದೆ ಇಳಿದು, ಭುಜಕ್ಕೆ ಭುಜ ಕೊಟ್ಟು ಸಾಲಾಗಿ ತುಳಿಯುತ್ತಾರೆ. ಮೊದಲಿಗೆ ಒಬ್ಬ ಕೂಗುವ ಲೆಕ್ಕಕ್ಕೆ ಸರಿಯಾಗಿ ಹೆಜ್ಜೆ. ಆಮೇಲೆ ಅಕಾರ್ಡಿಯನ್ ಶುರುವಾಗಿ ಸಾಲು ಒಡೆದು ಕುಣಿತ. ಎಲ್ಲ ಕಡೆ ಈಗ ಹೀಗೆ ತುಳಿಯುವುದಿಲ್ಲ, ಯಂತ್ರಗಳು ಬಂದಿವೆ. ಆದರೂ ತಮ್ಮ ಅತ್ಯುತ್ತಮ ವೈನಿಗೆ ಕಾಲನ್ನೇ ನಂಬುವ ಮನೆತನಗಳಿವೆ. ಕಾರಣ ಸರಳ: ಅಂಗಾಲು ಹಣ್ಣನ್ನು ಅರೆಯುತ್ತದೆ, ಕಹಿಯಾದ ಬೀಜವನ್ನು ಒಡೆಯುವುದಿಲ್ಲ.

ರಸ ಹುದುಗತೊಡಗಿದರೆ ಅದರ ಸಕ್ಕರೆ ಆಲ್ಕೋಹಾಲ್ ಆಗುತ್ತ ಹೋಗುತ್ತದೆ. ಸಾಮಾನ್ಯ ವೈನಿನಲ್ಲಿ ಸಕ್ಕರೆ ಮುಗಿಯುವವರೆಗೂ ಬಿಡುತ್ತಾರೆ. ಪೋರ್ಟ್‌ನಲ್ಲಿ ಎರಡು ಮೂರು ದಿನಕ್ಕೇ, ಸಕ್ಕರೆ ಅರ್ಧದಷ್ಟು ಉಳಿದಿರುವಾಗಲೇ, ಶೇ. 77ರಷ್ಟು ಆಲ್ಕೋಹಾಲ್ ಇರುವ ದ್ರಾಕ್ಷಿಯ ಸಾರಾಯಿ ಬೆರೆಸುತ್ತಾರೆ. ನಾಲ್ಕು ಪಾಲು ರಸಕ್ಕೆ ಸುಮಾರು ಒಂದು ಪಾಲು ಸಾರಾಯಿ. ಯೀಸ್ಟ್ ಸಾಯುತ್ತದೆ, ಹುದುಗು ನಿಲ್ಲುತ್ತದೆ, ಹಣ್ಣಿನ ಸಿಹಿ ಹಾಗೇ ಉಳಿಯುತ್ತದೆ. ಕೊನೆಗೆ ಸಿಗುವ ವೈನಿನಲ್ಲಿ ಆಲ್ಕೋಹಾಲ್ ಶೇ. 20ರ ಆಸುಪಾಸು. ಸಿಹಿ ಇದೆಯೆಂದು ಶರಬತ್ತಿನ ಲೆಕ್ಕದಲ್ಲಿ ಕುಡಿದರೆ ಮಧ್ಯಾಹ್ನವೇ ಪ್ರವಾಸ ಮುಗಿಯುತ್ತದೆ. ರುಚಿ ನೋಡುವ ಮೇಜಿನ ಮೇಲೆ ಉಗುಳಲೆಂದೇ ಪಾತ್ರೆ ಇಟ್ಟಿರುತ್ತಾರೆ. ವೃತ್ತಿಯವರೆಲ್ಲ ಬಳಸುತ್ತಾರೆ, ಪ್ರವಾಸಿಗರೂ ಸಂಕೋಚ ಪಡಬೇಕಿಲ್ಲ.

ಇಬ್ಬರು ಹೋಗುವುದರ ನಿಜವಾದ ಲಾಭ ಈ ಮೇಜಿನ ಮುಂದೆ ಗೊತ್ತಾಗುತ್ತದೆ. ಒಬ್ಬರೇ ಕುಡಿದರೆ ಚೆನ್ನಾಗಿದೆ ಎಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಇಬ್ಬರಿದ್ದರೆ ಒಬ್ಬರ ನಾಲಗೆಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ಯಾಕೆ ಎಂದು ಹೇಳಬೇಕಾಗುತ್ತದೆ, ಹೇಳಲು ಮತ್ತೊಂದು ಗುಟುಕು ಗಮನವಿಟ್ಟು ಕುಡಿಯಬೇಕಾಗುತ್ತದೆ. ಒಂದೇ ಬಗೆಯ ಎರಡು ಗ್ಲಾಸು ತರಿಸದೆ ಬೇರೆ ಬೇರೆ ತರಿಸಿ ಅದಲುಬದಲು ಮಾಡಿಕೊಳ್ಳುವುದು ಒಳ್ಳೆಯದು. ಒಂದರಲ್ಲಿ ರೂಬಿ ಇರಲಿ: ದೊಡ್ಡ ತೊಟ್ಟಿಗಳಲ್ಲಿ ಗಾಳಿಯಾಡದಂತೆ ಇಟ್ಟದ್ದು, ಕಡುಗೆಂಪು, ಹಣ್ಣಿನ ಕಂಪು, ಎಳೆ ಅಡಿಕೆ ಜಗಿದಾಗ ಬಾಯಿ ಬಿಗಿಯುವಂಥ ಒಗರು. ಇನ್ನೊಂದರಲ್ಲಿ ಹತ್ತೋ ಇಪ್ಪತ್ತೋ ವರ್ಷದ ಟಾನಿ: ಸಣ್ಣ ಮರದ ಪೀಪಾಯಿಯಲ್ಲಿ ಗಾಳಿ ಉಸಿರಾಡುತ್ತ ಬಣ್ಣ ಕಂದಿದ್ದು, ಒಣ ಅಂಜೂರ, ಹುರಿದ ಬಾದಾಮಿ, ಕಂದಿಸಿದ ಸಕ್ಕರೆಯ ಪರಿಮಳ. ಎರಡೂ ಇದೇ ಕಣಿವೆಯ ತುರೀಗ ನಾಸಿಯೊನಾಲ್, ತುರೀಗ ಫ್ರಾಂಕಾ, ತಿಂತಾ ರೊರೀಜ್ ಮುಂತಾದ ಹಣ್ಣುಗಳಿಂದ ಆದದ್ದು. ಬೇರೆ ಮಾಡಿದ್ದು ಮರ ಮತ್ತು ಕಾಲ.

ಸಿಹಿ ಬೇಡವೆನ್ನುವವರಿಗೂ ಇಲ್ಲಿ ಬರಗಾಲವಿಲ್ಲ. 1952ರಲ್ಲಿ ಫೆರೇರಾ ಮನೆತನದ ಮುಖ್ಯ ರುಚಿಗಾರ ಫೆರ್ನಾಂದೊ ನಿಕೊಲಾವ್ ದೆ ಅಲ್ಮೇಯ್ದಾ ಇದೇ ಸುಡುನೆಲದ ಹಣ್ಣಿನಿಂದ ಸಿಹಿಯಿಲ್ಲದ ವೈನ್ ಮಾಡಲು ಹೊರಟರು. ಬಿಸಿಗೆ ಹುದುಗು ಕೆಡದಂತೆ ತೊಟ್ಟಿ ತಂಪು ಮಾಡಲು ಪೋರ್ಟೊ ಬಳಿಯ ಮೀನು ಬಂದರು ಮತೊಜಿನ್ಯುಸ್‌ನಿಂದ ಮಂಜುಗಡ್ಡೆ ತರಿಸಿದರು. ಹಾಗೆ ಹುಟ್ಟಿದ ಬಾರ್ಕಾ ವೆಲ್ಯಾ ಇವತ್ತು ಪೋರ್ಚುಗಲ್‌ನ ಅತಿ ಹೆಸರುವಾಸಿ ಕೆಂಪು ವೈನ್‌ಗಳಲ್ಲೊಂದು. ಅದರ ಬೆಲೆ ಸಾಮಾನ್ಯ ಪ್ರವಾಸಿಗರ ಕೈಗೆ ಎಟುಕದು. ಆದರೆ ಅದು ತೋರಿದ ದಾರಿಯಲ್ಲಿ ಈಗ ಬಹಳಷ್ಟು ಕಿಂತಾಗಳಲ್ಲಿ ಊಟದ ಜೊತೆ ಕುಡಿಯುವ ಕೆಂಪು ಮತ್ತು ಬಿಳಿ ವೈನ್‌ಗಳಿವೆ.

ಇನ್ನು ನದಿ. ಈಗ ಅದು ಕೆರೆಯಷ್ಟು ಶಾಂತ, ಏಕೆಂದರೆ ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಐದು ಅಣೆಕಟ್ಟುಗಳು ಅದನ್ನು ಹಿಡಿದು ನಿಲ್ಲಿಸಿವೆ. ಪ್ರವಾಸಿ ಹಡಗುಗಳು ಅಣೆಕಟ್ಟಿನ ಬದಿಯ ಬಾಗಿಲುಗಳಲ್ಲಿ ಏರಿ ಇಳಿಯುತ್ತವೆ. ಕರಪತೇಲು ಎಂಬಲ್ಲಿ ಹಡಗು ಒಂದೇ ಏಟಿಗೆ 35 ಮೀಟರ್ ಮೇಲೇರುತ್ತದೆ. ಮೊದಲು ಹೀಗಿರಲಿಲ್ಲ. 550 ಲೀಟರಿನ ಪೀಪಾಯಿಗಳನ್ನು ಹೇರಿದ ರಬೇಲೊ ಎಂಬ ಚಪ್ಪಟೆ ತಳದ ದೋಣಿಗಳು ಬಂಡೆಗಳ ನಡುವೆ ಜೀವ ಕೈಯಲ್ಲಿ ಹಿಡಿದು ಪೋರ್ಟೊಗೆ ಇಳಿಯುತ್ತಿದ್ದವು. 1861ರ ಮೇ ತಿಂಗಳಲ್ಲಿ ವಲೇರಾ ಸುಳಿಯಲ್ಲಿ ಒಂದು ದೋಣಿ ಮಗುಚಿತು. ಅದರಲ್ಲಿ ಈ ನದಿಯ ಪ್ರಸಿದ್ಧ ನಕ್ಷೆಯನ್ನು ಬರೆದ ಇಂಗ್ಲಿಷ್ ವ್ಯಾಪಾರಿ ಜೋಸೆಫ್ ಜೇಮ್ಸ್ ಫಾರೆಸ್ಟರ್ ಇದ್ದ, ಮುಳುಗಿದ. ಜೊತೆಗಿದ್ದ ದೋನಾ ಅಂತೋನಿಯಾ ಫೆರೇರಾ ಬದುಕಿದಳು. ಅಗಲವಾದ ಲಂಗ ತೇಲಿಸಿತು ಎಂದು ಜನ ಹೇಳುತ್ತಾರೆ. ಎಳೆಯ ಪ್ರಾಯದಲ್ಲೇ ವಿಧವೆಯಾದ ಆಕೆ ಫಿಲಾಕ್ಸೆರಾ ಕಾಲದಲ್ಲಿ ಇತರರು ಕೈಬಿಟ್ಟಾಗ ತೋಟ ಕೊಂಡು, ಹೊಸ ಬಳ್ಳಿ ನೆಡಿಸಿ, ಕಣಿವೆಯ ಅತಿ ದೊಡ್ಡ ಒಡತಿಯಾದಳು. ಕಣಿವೆಯ ಜನ ಅವಳನ್ನು ಇಂದಿಗೂ ಫೆರೇರಿನ್ಯಾ ಎಂದು ಮುದ್ದಿನ ಹೆಸರಿನಿಂದ ಕರೆಯುತ್ತಾರೆ. ಅವಳ ಕಥೆ ಕೇಳದೆ ದೋರು ನೋಡಿದರೆ ಅದು ಬರಿಯ ನೋಟ ಅಷ್ಟೆ.

ಹೋಗುವುದಾದರೆ ಸೆಪ್ಟೆಂಬರ್ ಕೊಯ್ಲಿನ ಕಾಲ, ಸಡಗರವೂ ಜನವೂ ಜಾಸ್ತಿ, ತೋಟದ ಭೇಟಿಗೆ ಮೊದಲೇ ಹೇಳಿಡಬೇಕು. ಮೇ ತಿಂಗಳು ಹಸಿರು, ತಂಪು. ಫೆಬ್ರವರಿ ಕೊನೆಗೆ ಕಣಿವೆಯ ಪೂರ್ವದ ತುದಿಯಲ್ಲಿ ಬಾದಾಮಿ ಮರಗಳು ಹೂ ಬಿಡುತ್ತವೆ. ಜುಲೈ, ಆಗಸ್ಟ್ ಬೇಡ. ಒಂದೇ ದಿನದಲ್ಲಿ ಹೋಗಿ ಬರುವ ಬದಲು ಎರಡು ರಾತ್ರಿಯಾದರೂ ಪಿನ್ಯಾಂವ್‌ನಲ್ಲೋ ಅದೇ ರೈಲು ದಾರಿಯ ರೆಗುವಾ ಊರಿನಲ್ಲೋ ಉಳಿಯಬೇಕು, ದಿನಕ್ಕೆ ಎರಡು ತೋಟ ಸಾಕು. ಸಸ್ಯಾಹಾರಿಗಳಿಗೆ ಆಲಿವ್, ಬಾದಾಮಿ, ಚೀಸ್, ಗುಡ್ಡದ ಮೇಲಿನ ಫವಾಯುಸ್ ಊರಿನ ನಾಲ್ಕು ಮೂಲೆಯ ಬ್ರೆಡ್ಡು ಸಿಗುತ್ತವೆ. ಎಲೆಕೋಸಿನ ಕಾಲ್ದು ವೇರ್ದ್ ಸೂಪಿಗೆ ಸಾಸೇಜ್ ಚೂರು ಹಾಕುವ ರೂಢಿಯಿರುವುದರಿಂದ ಅದು ಬೇಡವೆಂದು ಮೊದಲೇ ಹೇಳಬೇಕು.

ನಮ್ಮ ಅಂಗಡಿಗಳಲ್ಲೂ ಪೋರ್ಟ್ ಎಂಬ ಚೀಟಿಯ ಸಿಹಿ ವೈನ್ ಉಂಟು. ಗೋವಾದ ಅಗ್ಗದ ಸಿಹಿ ವೈನಿಗೆ ಬೆಂಗಳೂರು ನೀಲಿ ದ್ರಾಕ್ಷಿಯ ಬಳಕೆ ಹಳೆಯದು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಆ ಹಣ್ಣಿನ ಘಾಟು ಪರಿಮಳ ಅದರದ್ದೇ. ಅದು ಬೇರೆ ಜಾತಿಯ ಬಳ್ಳಿ, ಬೇರೆ ನೆಲ. ಅದನ್ನು ಕುಡಿದು ಪೋರ್ಟ್ ಗೊತ್ತು ಎಂದುಕೊಂಡವರು ದೋರು ಕಣಿವೆಯ ಮೊದಲ ಗುಟುಕಿಗೇ ಅಚ್ಚರಿಪಡುತ್ತಾರೆ. ಹಾಗೆಯೇ ಬೆಂಗಳೂರು ನೀಲಿಗೆ ತನ್ನ ಹೆಸರಿನಲ್ಲೇ ಒಳ್ಳೆಯ ವೈನಾಗುವ ಅವಕಾಶ ಸಿಗಬೇಕು ಎಂದೂ ಅನ್ನಿಸುತ್ತದೆ.

ಗೈಯಾದ ಉಗ್ರಾಣಗಳಿಗೆ ಹೋಗಬೇಕಾದ್ದು ಇಷ್ಟೆಲ್ಲ ಆದ ಮೇಲೆ. 1986ರವರೆಗೆ ಪೋರ್ಟ್ ವೈನ್ ರಫ್ತಾಗಬೇಕಾದರೆ ಇಲ್ಲಿಂದಲೇ ಆಗಬೇಕಿತ್ತು; ಕಡಲ ತಂಪಿನಲ್ಲಿ ಅದು ನಿಧಾನವಾಗಿ ಮಾಗುತ್ತದೆ ಎಂಬುದು ಉಗ್ರಾಣ ಇಲ್ಲಿರಲು ಮುಖ್ಯ ಕಾರಣ. ಬಾಟಲಿ ಕೊಳ್ಳಲು ಇದೇ ಜಾಗ. ಕೊಲ್ಯೇಯ್ತಾ ಎಂಬ ಬಗೆಯಲ್ಲಿ ಒಂದೇ ವರ್ಷದ ಕೊಯ್ಲಿನ ಟಾನಿ ಇರುತ್ತದೆ, ವರ್ಷವನ್ನು ಚೀಟಿಯ ಮೇಲೆ ಬರೆದಿರುತ್ತಾರೆ. ಮದುವೆಯಾದ ವರ್ಷದ್ದನ್ನು ಹುಡುಕಿ ಕೊಳ್ಳುವ ದಂಪತಿಗಳು ಬಹಳ. ಭಾರತಕ್ಕೆ ಮರಳುವವರು ತಲಾ 2 ಲೀಟರ್ ಮದ್ಯವನ್ನು ಸುಂಕವಿಲ್ಲದೆ ತರಬಹುದು, ಅಂದರೆ ತಲಾ ಎರಡು ಬಾಟಲಿ. ಟಾನಿಯನ್ನು ನಿಲ್ಲಿಸಿಡಬೇಕು, ತೆರೆದ ಮೇಲೂ ಫ್ರಿಜ್ಜಿನಲ್ಲಿ ಮೂರು ನಾಲ್ಕು ವಾರ ಕೆಡದು. ವಿಂಟೇಜ್ ಪೋರ್ಟ್ ತಂದರೆ ಬಿಸಿಲು ತಾಗದ ತಂಪು ಜಾಗದಲ್ಲಿ ಮಲಗಿಸಿಡಬೇಕು, ಹತ್ತಾರು ವರ್ಷ ಕಾಯಬಹುದು. ತೆರೆದ ದಿನ ಗಸಿ ಸೋಸಿ, ಒಂದೆರಡು ದಿನದೊಳಗೆ ಮುಗಿಸಬೇಕು. ಅದಕ್ಕೆ ಇಬ್ಬರು ಸಾಲದು, ನೆಂಟರನ್ನು ಕರೆಯಬೇಕು.