ಆಫ್ರಿಕನ್ ಪಾಯಲ್: ಹೆಸರು ತಪ್ಪಿದ ಒಂದು ನೀರುಗಿಡ

ಮಳೆಗಾಲ ಮುಗಿದ ಮೇಲೆ ಒಂದು ಶನಿವಾರ ನಮ್ಮ ವಿಜ್ಞಾನ ಸಂಘದವರೆಲ್ಲ ಅಧ್ಯಾಪಕರೊಂದಿಗೆ ಶಾಲೆಯ ಸಮೀಪದ ಮದಕವನ್ನು ನೋಡಲು ಹೋಗಿದ್ದೆವು. ಹೋಗಿ ನೋಡಿದರೆ ನೀರೇ ಕಾಣಿಸಲಿಲ್ಲ. ಈ ದಡದಿಂದ ಆ ದಡದವರೆಗೆ ಹಸುರು ಜಮಖಾನ ಹಾಸಿದಂತಿತ್ತು. ಎಂಟನೆಯ ತರಗತಿಯ ಹುಡುಗನೊಬ್ಬ ಹುಲ್ಲುಗಾವಲೆಂದು ತಿಳಿದು ಕಾಲಿಡಲು ಹೊರಟ. ದನ ಮೀಯಿಸಲು ಬಂದಿದ್ದ ಅಜ್ಜ ಒಬ್ಬರು “ಅಲ್ಲಿ ಕಾಲಿಡಬೇಡ ಮಗಾ, ಅಡಿಯಲ್ಲಿ ಆಳ ನೀರುಂಟು!” ಎಂದು ಕೂಗಿದ್ದರಿಂದ ಅವನು ಉಳಿದ.

ಈ ಗಿಡದ ಹೆಸರೇನು ಎಂಬ ಪ್ರಶ್ನೆ ಬಂದಾಗ ನಮ್ಮಲ್ಲಿ ಒಬ್ಬರು ಪಾಚಿ ಎಂದರು, ಇನ್ನೊಬ್ಬರು ಅಂತರಗಂಗೆ ಎಂದರು. ಮಲಯಾಳ ಬಲ್ಲವರು ‘ಆಫ್ರಿಕನ್ ಪಾಯಲ್’ ಎಂದರು. ಪಾಯಲ್ ಎಂದರೆ ಪಾಚಿಯೇ. ಆದರೆ ಅಧ್ಯಾಪಕರ ಸಹಾಯದಿಂದ ಓದಿ ನೋಡಿದಾಗ ನಮಗೆ ತಿಳಿದುದು ಇಷ್ಟು: ಅದು ಪಾಚಿಯೂ ಅಲ್ಲ, ಆಫ್ರಿಕದ್ದೂ ಅಲ್ಲ, ಅಂತರಗಂಗೆಯಂತೂ ಅಲ್ಲವೇ ಅಲ್ಲ. ಅದು ದಕ್ಷಿಣ ಅಮೆರಿಕದ ಬ್ರೆಜಿಲ್ ದೇಶದ ಒಂದು ಜರಿಗಿಡ. ವಿಜ್ಞಾನದಲ್ಲಿ ಅದರ ಹೆಸರು ಸಾಲ್ವಿನಿಯ ಮೊಲೆಸ್ಟ. ಹೆಸರು ಹೇಗಿದ್ದರೇನು ಎಂದು ಕೇಳುವವರಿಗೆ ಈ ಗಿಡದ ಕಥೆಯೇ ಉತ್ತರ ಕೊಡುತ್ತದೆ.

ಮೊದಲು ಗಿಡದ ರಚನೆಯನ್ನು ನೋಡೋಣ. ನೀರಿನ ಮೇಲೆ ತೇಲುವ ಇದರ ಕಾಂಡದ ಪ್ರತಿ ಗೆಣ್ಣಿನಲ್ಲಿಯೂ ಮೂರು ಎಲೆಗಳಿರುತ್ತವೆ. ಎರಡು ಎಲೆಗಳು ಹಸುರಾಗಿ ಮೇಲೆ ತೇಲುತ್ತವೆ. ಮೂರನೆಯದು ಕಂದು ಬಣ್ಣದ ಎಳೆಎಳೆಯಾಗಿ ನೀರಿನೊಳಗೆ ಇಳಿದಿರುತ್ತದೆ. ನೋಡಿದವರು ಅದನ್ನು ಬೇರೆಂದೇ ತಿಳಿಯುತ್ತಾರೆ. ವಾಸ್ತವದಲ್ಲಿ ಈ ಗಿಡಕ್ಕೆ ಬೇರೇ ಇಲ್ಲ. ತೇಲುವ ಎಲೆಯ ಮೇಲೆ ಸಣ್ಣ ಸಣ್ಣ ರೋಮಗಳಿವೆ. ಒಂದೊಂದು ರೋಮವೂ ತುದಿಯಲ್ಲಿ ನಾಲ್ಕಾಗಿ ಕವಲೊಡೆದು, ಆ ಕವಲುಗಳು ಮತ್ತೆ ಒಂದುಗೂಡಿ ಪುಟ್ಟ ಪಂಜರದಂತೆ ಕಾಣುತ್ತವೆ. ಈ ರೋಮಗಳ ನಡುವೆ ಗಾಳಿ ನಿಲ್ಲುವುದರಿಂದ ಎಲೆಯನ್ನು ನೀರಿನಲ್ಲಿ ಅದ್ದಿ ತೆಗೆದರೂ ಒದ್ದೆಯಾಗುವುದಿಲ್ಲ. ಭೂತಗನ್ನಡಿ ಹಿಡಿದು ಇದನ್ನು ನಾವೇ ನೋಡಿದೆವು.

ಈ ಗಿಡಕ್ಕೆ ಹೂವಿಲ್ಲ, ಬೀಜವೂ ಇಲ್ಲ. ಜರಿಗಿಡಗಳು ಬೀಜಕಣಗಳಿಂದ ವೃದ್ಧಿಯಾಗುತ್ತವೆಂದು ಪಾಠದಲ್ಲಿ ಓದಿದ್ದೇವೆ. ಇದರ ಬೀಜಕಣಗಳಾದರೋ ಬಂಜೆಯಾದವು. ಹಾಗಾದರೆ ಕೆರೆ ತುಂಬುವುದು ಹೇಗೆ? ಕಾಂಡ ಮುರಿದರೆ ಸಾಕು, ಗೆಣ್ಣಿರುವ ಒಂದೊಂದು ತುಂಡೂ ಹೊಸ ಗಿಡವಾಗುತ್ತದೆ. ಬೆಚ್ಚಗಿನ, ಗೊಬ್ಬರದ ಅಂಶ ಬೆರೆತ ನಿಂತ ನೀರು ದೊರೆತರೆ ಒಂದು ವಾರದೊಳಗೇ ಇದು ಇಮ್ಮಡಿಯಾಗಬಲ್ಲದು.

ಒಂದು ಲೆಕ್ಕ ಮಾಡಿ ನೋಡಿರಿ. ಇಂದು ಒಂದು ಚದರ ಮೀಟರ್ ಗಿಡವಿದೆ, ವಾರಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎನ್ನೋಣ. 12 ವಾರಗಳಲ್ಲಿ ಅದು 4,096 ಚದರ ಮೀಟರ್, ಎಂದರೆ ಒಂದು ಎಕರೆಗಿಂತ ತುಸು ಹೆಚ್ಚೇ ಆಗುತ್ತದೆ. ಎಕರೆಯಷ್ಟು ವಿಸ್ತಾರದ ಮದಕವನ್ನು 11ನೆಯ ವಾರ ನೋಡಿದವರಿಗೆ ಅರ್ಧ ನೀರು ತೆರವಾಗಿಯೇ ಕಾಣುತ್ತದೆ. “ಇನ್ನೂ ಅರ್ಧ ಉಂಟಲ್ಲ” ಎಂದು ಅವರು ಮನೆಗೆ ಹೋಗುತ್ತಾರೆ. ಮುಂದಿನ ವಾರ ಬರುವಾಗ ನೀರೇ ಇರುವುದಿಲ್ಲ!

ಬ್ರೆಜಿಲಿನ ಈ ಗಿಡವನ್ನು ಲೋಕದ ತುಂಬ ಹರಡಿದವರು ಮನುಷ್ಯರೇ. ಅಂದವಾಗಿದೆಯೆಂದು ಕೊಳಗಳಿಗೂ ಮೀನು ಸಾಕುವ ಗಾಜಿನ ತೊಟ್ಟಿಗಳಿಗೂ, ಪಾಠಕ್ಕಾಗಿ ಕಾಲೇಜುಗಳಿಗೂ ಇದನ್ನು ಒಯ್ದರು. ಶ್ರೀಲಂಕೆಗೆ ಇದು 1939ರಲ್ಲಿ ಕೊಲಂಬೊದ ಸಸ್ಯಶಾಸ್ತ್ರ ವಿಭಾಗದ ಮೂಲಕವೇ ಬಂತು. ಆಫ್ರಿಕದ ಜಾಂಬೆಸಿ ನದಿಗೆ ಕಟ್ಟಿದ ಕರೀಬ ಅಣೆಕಟ್ಟಿನ ಸರೋವರದಲ್ಲಿ 1959ರಲ್ಲಿ ಕಾಣಿಸಿಕೊಂಡ ಇದು 1962ರ ಹೊತ್ತಿಗೆ ಸುಮಾರು 1,000 ಚದರ ಕಿಲೋಮೀಟರ್ ನೀರನ್ನು ಮುಚ್ಚಿತ್ತು. ನಮ್ಮ ಕೇರಳದಲ್ಲಿ 1955ರಲ್ಲಿ ತಿರುವನಂತಪುರದ ವೇಳಿ ಕಾಯಲಿನಲ್ಲಿ ಮೊದಲು ಕಂಡುಬಂದು, 1960ರ ದಶಕದ ನಡುವಿನಿಂದ ದೊಡ್ಡ ಪೀಡೆಯಾಯಿತು.

ಹೆಚ್ಚು ಸಂಕಟಪಟ್ಟವರು ಆಲಪ್ಪುಳದ ಕಡೆಯ ಕುಟ್ಟನಾಡಿನವರು. ಅಲ್ಲಿ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ, ತೋಡುಗಳೇ ದಾರಿಗಳು. ತೋಡು ಮುಚ್ಚಿದಾಗ ದೋಣಿ ನಿಂತಿತು. ಗದ್ದೆಗೆ ನುಗ್ಗಿದ ಗಿಡವನ್ನು ಬೇಸಾಯಕ್ಕೆ ಮೊದಲು ಆಳು ಹಚ್ಚಿ ತೆಗೆಸಬೇಕಾಯಿತು. ಹಿಂದೆ ಬೇಸಗೆಯಲ್ಲಿ ಉಪ್ಪುನೀರು ಒಳನುಗ್ಗಿ ಇಂಥ ಗಿಡಗಳನ್ನು ಕೊಲ್ಲುತ್ತಿತ್ತು, ಏಕೆಂದರೆ ಸಾಲ್ವಿನಿಯಕ್ಕೆ ಉಪ್ಪು ಆಗದು. ಭತ್ತದ ರಕ್ಷಣೆಗೆಂದು ತಣ್ಣೀರ್ಮುಕ್ಕದಲ್ಲಿ ಕಟ್ಟಿದ ತಡೆಗೋಡೆ 1976ರಲ್ಲಿ ಬಳಕೆಗೆ ಬಂದ ಮೇಲೆ ಉಪ್ಪುನೀರು ನಿಂತಿತು. ಭತ್ತದ ಜತೆಗೆ ಕಳೆಗೂ ರಕ್ಷಣೆ ಸಿಕ್ಕಿದಂತಾಯಿತು.

ಹಾಸು ದಪ್ಪವಾದಂತೆ ಬಿಸಿಲು ನೀರಿನೊಳಗೆ ಇಳಿಯುವುದಿಲ್ಲ. ಅಡಿಯ ಗಿಡಗಳು ಸಾಯುತ್ತವೆ, ಕೊಳೆತ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗಿ ಮೀನುಗಳೂ ಸಾಯುತ್ತವೆ. ಆನೆಕಾಲು ರೋಗವನ್ನು ಹರಡುವ ಮಾನ್ಸೋನಿಯ ಸೊಳ್ಳೆಯ ಮರಿಗಳು ಇಂತಹ ತೇಲುಗಿಡಗಳ ನೀರಿನೊಳಗಿನ ಭಾಗಕ್ಕೆ ಅಂಟಿಕೊಂಡು, ಅದರೊಳಗಿನ ಗಾಳಿಯನ್ನು ಹೀರಿ ಬದುಕುತ್ತವೆ.

ಇನ್ನು ಹೆಸರಿನ ಕಥೆಗೆ ಬರೋಣ. ಬಹಳ ಕಾಲ ವಿಜ್ಞಾನಿಗಳು ಈ ಗಿಡವನ್ನು ಸಾಲ್ವಿನಿಯ ಆರಿಕ್ಯುಲೇಟ ಎಂಬ ಇನ್ನೊಂದು ಗಿಡವೆಂದೇ ತಿಳಿದಿದ್ದರು. ಯಾವ ಕಳೆಗೂ ಅದರ ತವರಿನಲ್ಲಿ ಶತ್ರುಕೀಟಗಳಿರುತ್ತವೆ. ಆದ್ದರಿಂದ ಆರಿಕ್ಯುಲೇಟ ಬೆಳೆಯುವ ಟ್ರಿನಿಡಾಡ್, ಗಯಾನ ಮೊದಲಾದೆಡೆ ಹುಡುಕಿ ಮೂತಿಹುಳು, ಮಿಡತೆ, ಪತಂಗಗಳನ್ನು ತಂದು ಆಫ್ರಿಕ, ಶ್ರೀಲಂಕೆಗಳಲ್ಲಿ ಬಿಟ್ಟರು. ಕೇರಳದಲ್ಲಿಯೂ 1970ರ ದಶಕದಲ್ಲಿ ಮಿಡತೆಯನ್ನು ಬಿಟ್ಟು ನೋಡಿದರು. ಫಲ ಸಿಗಲಿಲ್ಲ.

1972ರಲ್ಲಿ ಡೇವಿಡ್ ಮಿಚೆಲ್ ಎಂಬ ಸಸ್ಯವಿಜ್ಞಾನಿ ಇದು ಬೇರೆಯೇ ಜಾತಿ ಎಂದು ತೋರಿಸಿ ‘ಮೊಲೆಸ್ಟ’ ಎಂಬ ಹೆಸರನ್ನಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಕಾಟ ಕೊಡುವುದು. ಬೇರೆ ಜಾತಿಯೆಂದ ಮೇಲೆ ಅದರ ತವರನ್ನೂ ಬೇರೆ ಹುಡುಕಬೇಕಷ್ಟೆ. ಆಸ್ಟ್ರೇಲಿಯದ ವಿಜ್ಞಾನಿಗಳು 1978ರಲ್ಲಿ ಅದನ್ನು ಆಗ್ನೇಯ ಬ್ರೆಜಿಲಿನಲ್ಲಿ ಕಂಡುಹಿಡಿದರು. ಅಲ್ಲಿ ಗಿಡದ ಮೇಲೆ ಎರಡು ಮಿಲಿಮೀಟರ್ ಉದ್ದದ ಒಂದು ಮೂತಿಹುಳು ಸಿಕ್ಕಿತು. ಹಿಂದೆ ಬಿಟ್ಟು ಸೋತಿದ್ದ ಹುಳವೇ ಎಂಬಂತೆ ಅದು ಕಾಣುತ್ತಿತ್ತು. 1980ರಲ್ಲಿ ಅದನ್ನು ಆಸ್ಟ್ರೇಲಿಯದ ಮೂಂಡಾರ ಸರೋವರದಲ್ಲಿ ಬಿಟ್ಟರು. ಸುಮಾರು 200 ಹೆಕ್ಟೇರಿನ ಹಾಸು ಒಂದು ವರ್ಷದ ಆಸುಪಾಸಿನಲ್ಲಿ ನಾಶವಾಯಿತು! ಆ ಹುಳವೂ ಬೇರೆ ಜಾತಿಯೆಂದು ಮತ್ತೆ ತಿಳಿಯಿತು. 1985ರಲ್ಲಿ ಅದಕ್ಕೆ ಸಿರ್ಟೊಬೇಗಸ್ ಸಾಲ್ವಿನಿಯೆ ಎಂಬ ಹೆಸರಾಯಿತು.

ನಮ್ಮ ತೆಂಗಿನ ಮರಗಳನ್ನು ಕೊರೆಯುವ ಕೆಂಪು ಮೂತಿಹುಳವನ್ನು ಎಲ್ಲರೂ ಬಲ್ಲೆವು. ಇದೂ ಅದೇ ಬಳಗದ್ದು, ಆದರೆ ಸಾಲ್ವಿನಿಯವನ್ನು ಬಿಟ್ಟು ಬೇರೆ ಗಿಡದಿಂದ ಬದುಕಲಾರದು. ದೊಡ್ಡ ಹುಳು ಕುಡಿಗಳನ್ನು ತಿನ್ನುತ್ತದೆ, ಮರಿಹುಳು ಕಾಂಡವನ್ನು ಕೊರೆಯುತ್ತದೆ. ಗಿಡ ಕಂದಾಗಿ ಕೊಳೆತು ಮುಳುಗುತ್ತದೆ.

ಭಾರತಕ್ಕೆ ಈ ಹುಳವನ್ನು ಆಸ್ಟ್ರೇಲಿಯದಿಂದ 1982ರಲ್ಲಿ ತರಿಸಲಾಯಿತು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು 1983–84ರಲ್ಲಿ ಆ ನಗರದ ಒಂದು ನೈದಿಲೆ ಕೊಳದಲ್ಲಿ ಅದನ್ನು ಬಿಟ್ಟು ಪರೀಕ್ಷಿಸಿದರು. ಹನ್ನೊಂದು ತಿಂಗಳಲ್ಲಿ ಕೊಳ ತೆರವಾಯಿತು. ಕೇರಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಅದನ್ನು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಕುಟ್ಟನಾಡಿನ ಅನೇಕ ತೋಡುಗಳಲ್ಲಿ ದೋಣಿ ಮತ್ತೆ ಓಡಿತು. ಸರಿಯಾದ ಹೆಸರು ತಿಳಿಯುವವರೆಗೆ ಸಿಗದ ಮದ್ದು, ಹೆಸರು ತಿಳಿದ ಹತ್ತು-ಹನ್ನೆರಡು ವರ್ಷಗಳಲ್ಲಿ ನಮ್ಮ ನಾಡಿಗೂ ತಲುಪಿತು.

ಹುಳು ಬಂದಿತೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಅದು ಗಿಡವನ್ನು ಹದ್ದುಬಸ್ತಿನಲ್ಲಿಡುತ್ತದೆಯೇ ಹೊರತು ನಿರ್ನಾಮ ಮಾಡುವುದಿಲ್ಲ. ಗಿಡ ಕಡಿಮೆಯಾದರೆ ಹುಳವೂ ಕಡಿಮೆಯಾಗುತ್ತದೆ. ಹುಳವಿಲ್ಲದ ಕೆರೆಗೆ ಒಂದು ತುಂಡು ಬಿದ್ದರೆ ಲೆಕ್ಕ ಮತ್ತೆ ಒಂದರಿಂದ ಆರಂಭ.

ನಮ್ಮ ಮದಕದ ನೀರು ಕೆಳಗಿನ ಅಡಿಕೆ ತೋಟಗಳಿಗೂ ಬಾವಿಗಳಿಗೂ ಆಧಾರ. ಆದುದರಿಂದ ಸಹಪಾಠಿಗಳಲ್ಲಿಯೂ ತಂದೆತಾಯಿಗಳಲ್ಲಿಯೂ ನಮ್ಮ ವಿನಂತಿ ಇಷ್ಟು. ಮೀನಿನ ತೊಟ್ಟಿಯ ಗಿಡವನ್ನು ಕೆರೆಗೋ ತೋಡಿಗೋ ಎಸೆಯಬೇಡಿರಿ. ಬೇರೆ ಕಡೆ ಬಳಸಿದ ಬಲೆಯನ್ನು ಒಣಗಿಸದೆ ನಮ್ಮ ನೀರಿಗೆ ಇಳಿಸಬೇಡಿರಿ. ಗಿಡ ಅಂಗೈಯಗಲ ಕಂಡಾಗಲೇ ದೊಡ್ಡವರಿಗೆ ತಿಳಿಸಿರಿ, ಮಕ್ಕಳು ತಾವಾಗಿ ನೀರಿಗಿಳಿಯಬಾರದು. ತೆಗೆದುದನ್ನು ದಡದಲ್ಲೇ ಬಿಡದೆ ದೂರ ಒಯ್ದು ಚೆನ್ನಾಗಿ ಒಣಗಿಸಿದರೆ ತೆಂಗಿನ ಬುಡಕ್ಕೆ ಒಳ್ಳೆಯ ಹೊದಿಕೆಯಾಗುತ್ತದೆ. ಮದಕ ಪೂರ್ತಿ ಮುಚ್ಚಿದ್ದರೆ ಕೃಷಿಭವನದವರಲ್ಲಿ ವಿಚಾರಿಸಬೇಕು.

ಊರವರು ಸೇರಿ ಎರಡು ಭಾನುವಾರ ದುಡಿದುದರಿಂದ ಮದಕದ ಕಾಲು ಭಾಗ ಈಗ ತೆರವಾಗಿದೆ. ಅಲ್ಲಿ ಆಕಾಶದ ನೆರಳು ಕಾಣುತ್ತಿದೆ. ಉಳಿದ ಮುಕ್ಕಾಲು ಭಾಗದ ವರದಿಯನ್ನು ಮುಂದಿನ ವರ್ಷದ ಸಂಚಿಕೆಯಲ್ಲಿ ಒಪ್ಪಿಸುತ್ತೇವೆ.